ಅಪ್ಪ ಇಲ್ಲದ ಹುಡುಗಿಯ ಓದಿಗೆ ನೆರವು: ಮಾಡಿದವರ ಅನುಭವ

ಕೇಳಿದ್ದು
ನಾವು ಚಿಂತಾಮಣಿ ತಾಲ್ಲೂಕಿನ ಒಂದೇ ಹಳ್ಳಿಯ ನಾಲ್ಕು ಜನ, ಈಗ ಬೆಂಗಳೂರಲ್ಲಿ ಕೆಲಸ. ಊರಿನ ಸರ್ಕಾರಿ ಹೈಸ್ಕೂಲಲ್ಲಿ ಒಬ್ಬ ಹುಡುಗಿ ಹತ್ತನೇ ಕ್ಲಾಸಿಗೆ ಬಂದಿದ್ದಾಳೆ. ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಪರೀಕ್ಷೆ ಮುಗಿದ ಮೇಲೆ ಸೋದರಮಾವನಿಗೆ ಕೊಟ್ಟುಬಿಡೋಣ ಅಂತ ನೆಂಟರಲ್ಲಿ ಮಾತು ನಡೆದಿದೆ. ತಲಾ ಸಾವಿರ ಹಾಕಿ ತಿಂಗಳು ತಿಂಗಳು ಕಳಿಸೋಣ ಅಂತಿದ್ದೇವೆ. ಇಂಥದ್ದು ಮಾಡಿದವರಿದ್ದರೆ ಹೇಳಿ.

ಶಿಡ್ಲಘಟ್ಟ ಕಡೆಯ ಹೈಸ್ಕೂಲ್ ಟೀಚರ್
ಸರ್, ನಿಮ್ಮ ಜೇಬಿಗೆ ಕೈ ಹಾಕುವ ಮುಂಚೆ ಸರ್ಕಾರದ ದುಡ್ಡು ಕೇಳಿ. ಮಕ್ಕಳ ರಕ್ಷಣೆಗೆ ಅಂತ ಇರುವ ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಯೋಜನೆ ಅಂತ ಇದೆ. ಅಪ್ಪ ಇಲ್ಲದೆ ಅಮ್ಮನ ಜೊತೆ ಇರುವ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ, 18 ತುಂಬುವವರೆಗೆ. ಹಳ್ಳಿಯ ಮನೆಯಾದರೆ ವರ್ಷದ ವರಮಾನ 72,000 ದಾಟಿರಬಾರದು. ನೀವು ನಾಲ್ಕೂ ಜನ ಸೇರಿ ಹಾಕುವುದು ಅಷ್ಟೇ ತಾನೇ? ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹೋಗಬೇಕು. ದಾರಿ ಗೊತ್ತಾಗದಿದ್ದರೆ ಊರಿನ ಅಂಗನವಾಡಿ ಟೀಚರನ್ನೇ ಕೇಳಿ, ಅವರದೂ ಅದೇ ಇಲಾಖೆ.

ಕೆಲಸ ನಿಲ್ಲುವುದು ಕಾಗದಪತ್ರದಲ್ಲಿ. ಮರಣ ಪ್ರಮಾಣಪತ್ರ, ವರಮಾನದ ಪತ್ರ, ಹುಡುಗಿಯ ಹೆಸರಲ್ಲಿ ಬ್ಯಾಂಕ್ ಖಾತೆ, ಅದಕ್ಕೆ ಆಧಾರ್ ಜೋಡಣೆ. ನಮ್ಮ ಶಾಲೆಯ ಒಂದು ಮಗುವಿಗೆ ಆಗಿದ್ದು ಕೇಳಿ: ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು ವೆಂಕಟರಮಣಪ್ಪ, ಮರಣ ಪತ್ರದಲ್ಲಿ ವೆಂಕಟರವಣಪ್ಪ. ಇಬ್ಬರೂ ಒಬ್ಬನೇ ಅಂತ ಊರಿಗೆಲ್ಲ ಗೊತ್ತು, ಫೈಲಿಗೆ ಗೊತ್ತಿಲ್ಲ. ಆ ಒಂದು ಅಕ್ಷರಕ್ಕೆ ತಿಂಗಳುಗಟ್ಟಲೆ ಅಲೆದಾಟ. ಅಮ್ಮ ನಾಡಕಚೇರಿಗೆ ಹೋದರೆ ಆ ದಿನದ ಕೂಲಿ ಹೋಯಿತು, ಸರ್ವರ್ ಇಲ್ಲ ನಾಳೆ ಬನ್ನಿ ಅಂದರೆ ನಾಳೆಯದೂ ಹೋಯಿತು. ದುಡ್ಡು ಕೊಡುವವರು ಹೇಗೋ ಸಿಗುತ್ತಾರೆ, ಜೊತೆಯಲ್ಲಿ ನಿಂತು ಅರ್ಜಿ ಹಾಕಿಸುವವರೇ ಸಿಗುವುದಿಲ್ಲ. ನಿಮ್ಮಲ್ಲಿ ಒಬ್ಬರು ರಜೆ ಹಾಕಿ ಬಂದು ಇದೊಂದು ಮಾಡಿಕೊಟ್ಟರೆ ಅದೇ ದೊಡ್ಡ ನೆರವು. ಸಾಧ್ಯವಾದರೆ ಅಮ್ಮನಿಗೆ ಆ ದಿನಗಳ ಕೂಲಿ ತುಂಬಿಕೊಡಿ.

ಇನ್ನೊಂದು. ಒಳ್ಳೆಯದು ಮಾಡಲು ಹೋಗಿ ಪಿಯುಸಿಗೆ ಪ್ರೈವೇಟ್ ಕಾಲೇಜಿಗೆ ಸೇರಿಸಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡನ್ನೂ ಸರ್ಕಾರಿಯಲ್ಲೇ ಓದಿದ ಹುಡುಗಿಯರಿಗೆ ಡಿಗ್ರಿಗೆ ಸೇರಿದಾಗ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ಪ್ರೈವೇಟಿಗೆ ಹೋದರೆ ಆ ಬಾಗಿಲು ಮುಚ್ಚಿದ ಹಾಗೆ.

ಬಾಗೇಪಲ್ಲಿಯಿಂದ ಒಬ್ಬರು
ಮದುವೆ ಮಾತು ಬಂದಿದೆ ಅಂದಿರಿ, ಅದನ್ನು ಮೊದಲು ನೋಡಿ. ಮನೆಯಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆಯಾ ವಿಚಾರಿಸಿ, ಬಡ ಮನೆಯಲ್ಲಿ ಹೆಣ್ಣುಮಗು ಹುಟ್ಟಿದಾಗ ಸರ್ಕಾರ ಅದರ ಹೆಸರಲ್ಲಿ ದುಡ್ಡು ಇಟ್ಟು ಕೊಡುತ್ತಿದ್ದ ಪತ್ರ ಅದು. 18 ತುಂಬುವ ಮುಂಚೆ ಮದುವೆಯಾದರೆ ಆ ದುಡ್ಡು ಬರಲ್ಲ. ಕಾನೂನು ಹೇಳಿದರೆ ಸಿಟ್ಟಾಗುವ ಮಾವಂದಿರು ಬಾಂಡ್ ಅಂದರೆ ಸ್ವಲ್ಪ ತಡೆದು ಯೋಚನೆ ಮಾಡುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಕಾನೂನೂ ಗಟ್ಟಿಯಾಗಿಯೇ ಇದೆ, ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮಾತು ಕೈಮೀರಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಆದರೆ ಅಧಿಕಾರಿಗಳು ಬಂದು ಮುಚ್ಚಳಿಕೆ ಬರೆಸಿಕೊಂಡು ಹೋದರೆ ಮುಗಿಯಿತು ಅಂದುಕೊಳ್ಳಬೇಡಿ. ಗಡಿ ದಾಟಿದರೆ ಆಂಧ್ರ, ಬೆಳಗಿನ ಜಾವ ಯಾವುದೋ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬರುತ್ತಾರೆ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ರಜೆ ಇದೆಯಲ್ಲ, ಹುಡುಗಿ ಕೈತಪ್ಪುವುದು ಆವಾಗಲೇ. ಆ ಎರಡು ತಿಂಗಳು ಅವಳಿಗೆ ಏನಾದರೂ ಕ್ಲಾಸ್ ಇರಲಿ. ಕಂಪ್ಯೂಟರೋ ಟೈಲರಿಂಗೋ, ದಿನಾ ಮನೆಯಿಂದ ಹೊರಗೆ ಹೋಗಿ ಬರುವಂಥದ್ದು.

ಮಾಲೂರು, ಸ್ಟಾಫ್ ನರ್ಸ್
ನಾನು ಹೀಗೆ ಬೇರೆಯವರ ದುಡ್ಡಲ್ಲಿ ಓದಿದವಳು. ಅವರ ಋಣ ಇದೆ, ಆದರೂ ಹೇಳುತ್ತೇನೆ. ವರ್ಷಕ್ಕೊಮ್ಮೆ ಸ್ಟೇಜ್ ಹತ್ತಿಸಿ, ಅಪ್ಪ ಇಲ್ಲದ ಬಡ ಹುಡುಗಿ ಅಂತ ಮೈಕಲ್ಲಿ ಹೇಳಿ ಚೆಕ್ ಹಿಡಿಸಿ ಫೋಟೋ ತೆಗೆಸುತ್ತಿದ್ದರು. ಮಾರನೇ ದಿನ ಕ್ಲಾಸಿಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಅಣ್ಣ, ದಯವಿಟ್ಟು ಫೋಟೋ ಬೇಡ, ವಾಟ್ಸಾಪ್ ಸ್ಟೇಟಸ್ ಅಂತೂ ಬೇಡವೇ ಬೇಡ. ನೀವು ನಾಲ್ಕು ಜನ ಗಂಡಸರು ಅವಳಿಗೆ ನೇರವಾಗಿ ಫೋನ್ ಮಾಡುವುದೂ ಬೇಡ. ಊರು ಸುಮ್ನೆ ಇರಲ್ಲ. ಮನೆಯ ಹೆಣ್ಣುಮಕ್ಕಳು ಯಾರಾದರೂ ಮಾತಾಡಲಿ, ಮಾರ್ಕ್ಸ್ ಒಂದನ್ನೇ ಕೇಳದೆ ಊಟ ಆಯ್ತಾ ಅಂತಲೂ ಕೇಳಲಿ.

ಗುಬ್ಬಿಯಿಂದ
ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಿಂತೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಿಮ್ಮ ಕಡೆ ಪ್ರೈವೇಟ್ ಬಸ್ಸೇ ಜಾಸ್ತಿ, ಅದರಲ್ಲಿ ಫ್ರೀ ಇಲ್ಲ. ಕಾಲೇಜಿಗೆ ಯಾವ ಬಸ್ಸು, ಸಂಜೆ ವಾಪಸ್ ಎಷ್ಟು ಹೊತ್ತಿಗೆ ಅಂತ ನೋಡಿ ಆಮೇಲೆ ಕಾಲೇಜು ಆರಿಸಿ. ದೂರವಾದರೆ ಹಾಸ್ಟೆಲ್ ಅರ್ಜಿ.

ಮಾಲೂರಿನ ಅಕ್ಕ ಹೇಳಿದ ಹಾಗೆ ಮಾರ್ಕ್ಸ್ ಒಂದೇ ಸಾಲದು. ನಾವು ನೆರವು ಕೊಟ್ಟು ಡಿಗ್ರಿ ಓದಿಸುತ್ತಿದ್ದ ಹುಡುಗಿಗೆ ಬ್ಯಾಂಕಿನ ಚಲನ್ ತುಂಬಲು ಬರುತ್ತಿರಲಿಲ್ಲ, ಎಟಿಎಂ ಕಾರ್ಡು ಮಾವನ ಜೇಬಲ್ಲಿ. ಈಗ ಚಲನ್ ಅವಳೇ ತುಂಬುತ್ತಾಳೆ, ಪಿನ್ ಯಾರಿಗೂ ಹೇಳಲ್ಲ. ಒಟಿಪಿ ಕೇಳಿ ಫೋನ್ ಮಾಡಿದವನಿಗೆ ಮೊನ್ನೆ ಅವಳೇ ಬೈದಳು!

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಬಾಂಡ್ ಇದೆಯಂತೆ, ಅಮ್ಮ ಟ್ರಂಕಿನಲ್ಲಿ ಇಟ್ಟಿದ್ದಾರೆ. ಈ ಹುಡುಗಿಯ ಕಾಗದಗಳಲ್ಲೂ ಅಪ್ಪನ ಹೆಸರು ಎರಡು ಥರ ಇದೆ. ಮೊದಲು ಯಾವುದನ್ನು ಸರಿ ಮಾಡಿಸುವುದು ಮೇಡಂ?

ಶಿಡ್ಲಘಟ್ಟ ಕಡೆಯ ಹೈಸ್ಕೂಲ್ ಟೀಚರ್
ಶಾಲೆಯದ್ದೇ ಮೊದಲು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಮ್ಮೆ ತಪ್ಪಾಗಿ ಅಚ್ಚಾದರೆ ಬೋರ್ಡಿಗೆ ಅಲೆಯಬೇಕು. ಪರೀಕ್ಷೆಗೆ ಮಕ್ಕಳ ವಿವರ ಕಳಿಸುವ ಮುಂಚೆ ಹೆಡ್‌ಮಾಸ್ಟರನ್ನು ನೋಡಿ. ಈ ವಾರವೇ ಹೋದರೆ ಒಳ್ಳೆಯದು, ಶನಿವಾರ ಬೇಡ, ಅರ್ಧ ದಿನ.