ನಿದ್ರೆಗೆಂದು ಸುಗಂಧ ತೈಲ: ಫಿಟ್ಸ್ ಬಂದಿದ್ದ ಮಗು ಇರುವ ಮನೆಯಲ್ಲಿ ಬಳಸಬಹುದೇ?

ಪ್ರಶ್ನೆ

ನಮ್ಮ ತಾಯಿಯವರಿಗೆ 68 ವರ್ಷ. ತಂದೆಯವರು ತೀರಿಕೊಂಡ ಮೇಲೆ ಅವರಿಗೆ ರಾತ್ರಿ ಎರಡು ಗಂಟೆಯಾದರೂ ನಿದ್ರೆ ಹತ್ತುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆಯಿಂದ ಬೆಳಿಗ್ಗೆ ಮಂಪರು ಉಳಿಯುತ್ತದೆಂದು ಅದನ್ನು ತಾವಾಗಿಯೇ ನಿಲ್ಲಿಸಿದ್ದಾರೆ. ಈಗ ಬಂಧುವೊಬ್ಬರು ಲ್ಯಾವೆಂಡರ್, ನೀಲಗಿರಿ ಮತ್ತು ಶ್ರೀಗಂಧದ ತೈಲಗಳ ಮೂರು ಸೀಸೆಗಳನ್ನೂ ಪರಿಮಳವನ್ನು ಕೋಣೆಯಲ್ಲಿ ಹರಡುವ ಒಂದು ಡಿಫ್ಯೂಸರನ್ನೂ ತಂದುಕೊಟ್ಟು, ಬೇಕಾದರೆ ನೀರಿಗೆ ಎರಡು ಹನಿ ಹಾಕಿ ಕುಡಿಯಲೂಬಹುದು ಎಂದು ಹೇಳಿ ಹೋಗಿದ್ದಾರೆ. ಅದೇ ಕೋಣೆಯಲ್ಲಿ ಅಜ್ಜಿಯ ಪಕ್ಕ ನನ್ನ ಏಳು ವರ್ಷದ ಮಗಳು ಮಲಗುತ್ತಾಳೆ. ಅವಳಿಗೆ ಹಿಂದೆ ಎರಡು ಬಾರಿ ಫಿಟ್ಸ್ ಬಂದಿತ್ತು. ಈ ತೈಲಗಳಿಂದ ನಿಜಕ್ಕೂ ಉಪಯೋಗವಿದೆಯೇ, ಮಗುವಿಗೆ ತೊಂದರೆಯಾಗುವುದೇ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಮೊದಲ ಉತ್ತರ

ನಾನು ಔಷಧಶಾಸ್ತ್ರ ಕಲಿಸುವವನು. ನೀಲಗಿರಿಯ ಸೀಸೆಯನ್ನು ದಯವಿಟ್ಟು ಇಂದೇ ಆ ಕೋಣೆಯಿಂದ ಹೊರಗಿಡಿ. ಅದರ ಮುಖ್ಯ ಅಂಶವಾದ ಸಿನಿಯೋಲ್ ಮತ್ತು ನಮ್ಮ ಪೂಜೆಯ ಕರ್ಪೂರ, ಇವೆರಡೂ ಮಿದುಳಿನ ನರಕೋಶಗಳನ್ನು ಕೆರಳಿಸಬಲ್ಲವು. ಬೆಂಗಳೂರಿನ ನರರೋಗ ತಜ್ಞರ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಫಿಟ್ಸ್ ಬಂದು ದಾಖಲಾದ ವಯಸ್ಕರಲ್ಲಿ ಗಮನಾರ್ಹ ಸಂಖ್ಯೆಯವರಿಗೆ ಈ ಎರಡು ವಸ್ತುಗಳಿರುವ ತೈಲ, ಮುಲಾಮುಗಳ ಬಳಕೆಯ ನಂಟಿರುವುದನ್ನು ಗುರುತಿಸಿತು. ನೆಗಡಿಗೆ ಕರವಸ್ತ್ರದ ಮೇಲೆ ನೀಲಗಿರಿ ಹಾಕಿಕೊಂಡು ಬೆಳೆದ ನಮಗೆ ಇದು ಅತಿಯೆನಿಸಬಹುದು, ಆದರೆ ಹಿಂದೆ ಫಿಟ್ಸ್ ಬಂದಿರುವ ಮಗುವಿನ ವಿಷಯದಲ್ಲಿ ಅತಿಯಾದ ಎಚ್ಚರವೇ ಸರಿ.

ಕುಡಿಯುವ ಮಾತನ್ನು ಮರೆತುಬಿಡಿ. ನೀಲಗಿರಿ ಎಣ್ಣೆ ಒಂದು ಟೀ ಚಮಚದಷ್ಟು ಮಗುವಿನ ಹೊಟ್ಟೆ ಸೇರಿದರೂ ಪ್ರಜ್ಞೆ ತಪ್ಪುವ, ಫಿಟ್ಸ್ ಬರುವ ಅಪಾಯವಿದೆ.

ಲ್ಯಾವೆಂಡರ್ ಬೇರೆಯದೇ ವಿಷಯ. ವಾಸನೆಯ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಭಾಗಗಳಿಗೆ ಬಹಳ ಹತ್ತಿರದ ದಾರಿ ಹೊಂದಿರುವುದರಿಂದ ಪರಿಮಳವು ಮನಸ್ಸನ್ನು ಸಡಿಲಗೊಳಿಸುವುದು ಸುಳ್ಳಲ್ಲ. ನಿದ್ರೆಯ ಮೇಲೆ ನಡೆದ ಪ್ರಯೋಗಗಳು ಮಾತ್ರ ಬಹುತೇಕ ಸಣ್ಣವು; ಅದಕ್ಕಿಂತ ದೊಡ್ಡ ತೊಡಕೆಂದರೆ, ತನಗೆ ಕೊಟ್ಟದ್ದು ಲ್ಯಾವೆಂಡರೋ ಬರಿಯ ನೀರೋ ಎಂಬುದನ್ನು ಮೂಗಿರುವ ಯಾರಿಂದಲೂ ಮುಚ್ಚಿಡಲಾಗದು, ಹಾಗಾಗಿ ಫಲ ತೈಲದ್ದೋ ನಂಬಿಕೆಯದೋ ಎಂದು ಹೇಳುವುದು ಕಷ್ಟ. ಜರ್ಮನಿಯಲ್ಲಿ ಆತಂಕಕ್ಕೆ ಕೊಡುವ 80 ಮಿಲಿಗ್ರಾಂನ ಲ್ಯಾವೆಂಡರ್ ಗುಳಿಗೆಗೆ ಉತ್ತಮ ಪುರಾವೆ ಇದೆ, ಆದರೆ ಅದು ಪ್ರಮಾಣ ನಿಗದಿಪಡಿಸಿ ತಯಾರಿಸಿದ ಔಷಧ. ಅದರ ಹೆಸರಿನಲ್ಲಿ ಡಿಫ್ಯೂಸರಿನ ಸೀಸೆಯನ್ನು ಸಮರ್ಥಿಸುವುದು ತಪ್ಪು.

ಎರಡನೆಯ ಉತ್ತರ

ಮೈಸೂರಿನಲ್ಲಿ ಬಹಳ ವರ್ಷ ತೈಲ ಬಟ್ಟಿ ಇಳಿಸುವ ಕೆಲಸ ಮಾಡಿದವನಾದ ನನಗೆ ಮೂರನೆಯ ಸೀಸೆಯ ಮೇಲೆ ಅನುಮಾನ. 1916ರಲ್ಲಿ ಸರ್ಕಾರಿ ಶ್ರೀಗಂಧದೆಣ್ಣೆ ಕಾರ್ಖಾನೆ ಆರಂಭವಾದ ಊರಿನವರಿಗೆ ಅಪ್ಪಟ ಎಣ್ಣೆಯ ಬೆಲೆ ಗೊತ್ತು: ಕಿಲೋಗೆ ಲಕ್ಷ ರೂಪಾಯಿ ದಾಟುತ್ತದೆ, ಅಂದರೆ 10 ಮಿಲಿಗೆ ಸಾವಿರವಾದರೂ ಆಗಲೇಬೇಕು. ಮರದ ಚೇಗನ್ನು ಪುಡಿಮಾಡಿ ದಿನಗಟ್ಟಲೆ ಹಬೆಯಲ್ಲಿಟ್ಟು ತೆಗೆಯುವ ಆ ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಅಂಶವೇ ಬಹುಪಾಲು. ನಿಮ್ಮ ಸೀಸೆಗೆ ಇನ್ನೂರು ಮುನ್ನೂರು ರೂಪಾಯಿ ಬಿದ್ದಿದ್ದರೆ ಅದು ಗಂಧದ ವಾಸನೆಯ ಮತ್ತೇನೋ ದ್ರವ. ಮಲ್ಲಿಗೆಯ ‘ಶುದ್ಧ ತೈಲ’ವನ್ನು ಅಗ್ಗವಾಗಿ ಮಾರುವವರನ್ನೂ ನಂಬಬೇಡಿ, ಮಲ್ಲಿಗೆಯ ಸಾರವನ್ನು ದ್ರಾವಕದಿಂದ ಸೆಳೆಯುತ್ತಾರೆ, ಅದಕ್ಕೆ ಬೇಕಾಗುವ ಹೂವಿನ ರಾಶಿ ನೋಡಿದರೆ ನೀವೇ ನಕ್ಕುಬಿಡುತ್ತೀರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸೀಸೆಯ ಬೆಲೆ 180 ರೂಪಾಯಿ ಎಂದು ಈಗ ನೋಡಿದೆ. ಲ್ಯಾವೆಂಡರನ್ನು ತಾಯಿಯವರ ಹಣೆಗೆ ಹಚ್ಚಬಹುದೇ? ಇನ್ನೊಂದು ಮಾತು: ಮಗಳಿಗೆ ಕೆಮ್ಮು ಬಂದಾಗಲೆಲ್ಲ ಅವರು ಎದೆಗೆ ನೋವಿನ ಮುಲಾಮು ತಿಕ್ಕುತ್ತಾರೆ.

ಮೊದಲ ಉತ್ತರ ಬರೆದವರು

ಆ ಮುಲಾಮಿನ ಡಬ್ಬಿಯನ್ನು ತಿರುಗಿಸಿ ಓದಿ. ಕರ್ಪೂರ ಮತ್ತು ನೀಲಗಿರಿ ಎರಡೂ ಅಲ್ಲಿರುವ ಸಾಧ್ಯತೆ ಬಹಳ. ಇದ್ದರೆ ಮಗಳಿಗೆ ಹಚ್ಚುವುದನ್ನು ನಿಲ್ಲಿಸಿ, ಇದುವರೆಗೆ ಹಚ್ಚಿದ್ದನ್ನು ಅವಳ ವೈದ್ಯರಿಗೆ ತಿಳಿಸಿ. ಫಿಟ್ಸ್ ಬಂದ ಎರಡು ದಿನಗಳ ಆಸುಪಾಸಿನಲ್ಲಿ ಅದನ್ನು ಬಳಸಿದ್ದರೇ ಎಂಬುದನ್ನೂ ನೆನಪು ಮಾಡಿಕೊಳ್ಳಿ, ಏಕೆಂದರೆ ಈ ಪ್ರಶ್ನೆಯನ್ನು ಕೇಳುವ ವೈದ್ಯರು ಕಡಿಮೆ.

ಲ್ಯಾವೆಂಡರನ್ನು ನೇರವಾಗಿ ಹಚ್ಚಬಾರದು. 30 ಮಿಲಿ ಕೊಬ್ಬರಿ ಎಣ್ಣೆಗೆ ಆರು ಹನಿ ಬೆರೆಸಿದರೆ ಸುಮಾರು ಶೇಕಡಾ 1ರ ಮಿಶ್ರಣವಾಗುತ್ತದೆ. ಅದನ್ನು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಾರದಿದ್ದರೆ ರಾತ್ರಿ ಅಂಗಾಲಿಗೋ ಹಣೆಗೋ ಹಚ್ಚಿ. ಡಿಫ್ಯೂಸರಿಗಿಂತ ಇದೇ ವಾಸಿ. ಕೋಣೆಯೆಲ್ಲ ತುಂಬುವುದಿಲ್ಲ, ಜೊತೆಗೆ ಯಾರಾದರೂ ಪಕ್ಕ ಕುಳಿತು ಹಚ್ಚಬೇಕಾಗುತ್ತದೆ. ಹೊಸದಾಗಿ ಒಂಟಿಯಾದ ಹಿರಿಯರಿಗೆ ಆ ಹತ್ತು ನಿಮಿಷದ ಸ್ಪರ್ಶ ಯಾವ ಸೀಸೆಗಿಂತಲೂ ಹೆಚ್ಚು ಕೆಲಸ ಮಾಡಬಹುದೆಂಬುದು ನನ್ನ ಅನಿಸಿಕೆ. ಮಾತ್ರೆಯನ್ನು ತಾವಾಗಿಯೇ ಬಿಟ್ಟ ವಿಷಯವನ್ನು ಮಾತ್ರ ಈ ವಾರವೇ ಅವರ ವೈದ್ಯರಿಗೆ ಹೇಳಿ.