ಸಹಾಯ ಬೇಕು: ಅಪ್ಪಾಜಿಯ ಹಳೇ ಮರ್ಸಿಡಿಸ್‌ ಅನ್ನು ಎಲೆಕ್ಟ್ರಿಕ್ ಮಾಡಬೇಕು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿ ವಿದ್ಯಾನಗರದವನು. ಅಪ್ಪಾಜಿಯ ಮರ್ಸಿಡಿಸ್ 240ಡಿ ನಾಲ್ಕು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಎಂಜಿನ್ ಹೋಗಿದೆ, ಬಾಡಿ ಮಾತ್ರ ಇನ್ನೂ ಗಟ್ಟಿ. ಗುಜರಿಗೆ ಹಾಕಲು ಮನಸ್ಸಾಗುತ್ತಿಲ್ಲ. ಅವರನ್ನು ಅದರಲ್ಲೇ ಕೂರಿಸಿಕೊಂಡು ಒಮ್ಮೆ ಧಾರವಾಡಕ್ಕೆ ಹೋಗಿಬರಬೇಕು.

ಮ್ಯಾನುವಲ್ ಗೇರ್‌ಬಾಕ್ಸ್ ಉಳಿಸಿಕೊಂಡು ಅದಕ್ಕೇ ಮೋಟರ್ ಜೋಡಿಸುವ ಯೋಚನೆ. 3.2 ವೋಲ್ಟಿನ, 280 ಎಎಚ್‌ನ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಸೆಲ್ 45 ಹಾಕಿದರೆ 144 ವೋಲ್ಟ್, ಸುಮಾರು 40 ಯೂನಿಟ್ ಆಗುತ್ತದೆ. ಆದರೆ ಸೆಲ್ಲುಗಳದ್ದೇ ತೂಕ 240 ಕೆಜಿ ದಾಟುತ್ತದೆ. ಅರ್ಧ ಮುಂದೆ, ಅರ್ಧ ಡಿಕ್ಕಿಯಲ್ಲಿ ಇಟ್ಟರೆ ಹಿಂದಿನ ಸ್ಪ್ರಿಂಗ್ ತಡೆಯುತ್ತವೆಯೇ?

ಜಾಸ್ತಿ ಚಿಂತೆ ಬ್ರೇಕಿನದು. ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಬರುವುದು ಎಂಜಿನ್ನಿನ ಪಂಪಿನಿಂದ. ನಮ್ಮ ಗಾಡಿಯ ಡೋರ್ ಲಾಕ್ ಕೂಡ ಆ ವ್ಯಾಕ್ಯೂಮ್ ಮೇಲೇ ನಡೆಯುತ್ತದೆ. ಎಂಜಿನ್ ಇಳಿಸಿದ ಮೇಲೆ ಬೇರೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಬೇಕೇ ಬೇಕು, ಅಲ್ವಾ? ಯಾವುದು ಹಾಕಿದ್ದೀರಿ? ಪವರ್ ಸ್ಟೀರಿಂಗ್‌ಗೆ ಏನು ಮಾಡಿದಿರಿ?

ಗೋಕುಲ ರೋಡಿನ ಕಡೆ ಮೋಟರನ್ನು ಗೇರ್‌ಬಾಕ್ಸಿಗೆ ಕೂಡಿಸುವ ಅಡಾಪ್ಟರ್ ಪ್ಲೇಟನ್ನು ಅಳತೆ ತಪ್ಪದೆ ಮಾಡಿಕೊಡುವ ಲೇತ್‌ನವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸ್ವಲ್ಪ ಓರೆಯಾದರೂ ಶಾಫ್ಟ್ ಬೇರಿಂಗ್ ಹಾಳಾಗುತ್ತದೆ.

ಎಲೆಕ್ಟ್ರಿಕ್ ಕಿಟ್, ಹಳೇ ಗಾಡಿ ಎಲೆಕ್ಟ್ರಿಕ್ ಮಾಡುವುದಕ್ಕಿರುವ ಎಐಎಸ್-123 ಮಾನದಂಡದ ಪರೀಕ್ಷೆ ಪಾಸಾಗಿರಬೇಕು ಅಂತ ಗೊತ್ತಿದೆ. ಕೆಎ 25 ಅಥವಾ ಕೆಎ 63 ಗಾಡಿಗೆ ಆರ್‌ಸಿಯಲ್ಲಿ ಎಲೆಕ್ಟ್ರಿಕ್ ಅಂತ ಬದಲಿಸಿಕೊಂಡವರು ಇದ್ದೀರಾ? ಅಣ್ಣಂದಿರೇ, ಅಕ್ಕಂದಿರೇ, ಒಂದು ಮೆಸೇಜ್ ಹಾಕಿ. ನಾನೇ ಬಂದು ಗಾಡಿ ನೋಡುತ್ತೇನೆ.