ಎಟಿವಿಯನ್ನು ಪಿಕಪ್‌ಗೆ ಹತ್ತಿಸುವಾಗ ಹಲಗೆ ಜಾರಿತು: ಸುರಕ್ಷಿತವಾಗಿ ಹತ್ತಿಸಿ, ಕಟ್ಟಿ ಸಾಗಿಸುವುದು ಹೇಗೆ?

ಕಮಲಾಪುರದ ರೈತ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆಯ ಕಮಲಾಪುರ. ಊರ ಹತ್ತಿರ ಕೆಂಪು ಬಾಳೆಯ ತೋಟವಿದೆ, ಚಿಂಚೋಳಿ ತಾಲ್ಲೂಕಿನಲ್ಲಿ ತೊಗರಿ ಬೆಳೆಯುವ ಎರೆ ಹೊಲವಿದೆ. ಔಷಧದ ಟ್ಯಾಂಕು, ಹನಿ ನೀರಾವರಿಯ ಪೈಪು, ಗೊಬ್ಬರದ ಚೀಲಗಳನ್ನು ಹೊಲದ ಒಳಗೆ ಒಯ್ಯಲು ಅನುಕೂಲವಾಗಲಿ ಎಂದು ಹೋದ ತಿಂಗಳು ಹೈದರಾಬಾದಿನಿಂದ ಹಳೆಯ ಎಟಿವಿಯೊಂದನ್ನು ಕೊಂಡು ತಂದಿದ್ದೇನೆ. ಬೈಕಿನ ಹಾಗೆ ಕುಳಿತು ಓಡಿಸುವ, ನಾಲ್ಕು ದಪ್ಪ ಗಾಲಿಗಳ, 500 ಸಿಸಿ ಯಂತ್ರ. ತೂಕ ಸುಮಾರು 350 ಕೆ.ಜಿ. ಇದೆ. ಇದಕ್ಕೆ ನೋಂದಣಿ ಇಲ್ಲದ ಕಾರಣ ಡಾಂಬರು ರಸ್ತೆಯ ಮೇಲೆ ಓಡಿಸುವಂತಿಲ್ಲ. ಹಾಗಾಗಿ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಒಯ್ಯಬೇಕಾದಾಗಲೆಲ್ಲ ನಮ್ಮ ಪಿಕಪ್‌ನಲ್ಲಿ ಹೇರಿಕೊಂಡು ಹೋಗಬೇಕು.

ಕಳೆದ ವಾರ ಆರು ಅಡಿಯ ಎರಡು ಮರದ ಹಲಗೆಗಳನ್ನು ಇಟ್ಟು ನನ್ನ ತಮ್ಮ ಅದನ್ನು ಓಡಿಸಿಕೊಂಡೇ ಮೇಲೆ ಹತ್ತಿಸಲು ಹೋದ. ಮುಂದಿನ ಗಾಲಿಗಳು ಪಿಕಪ್‌ನ ಒಳಗೆ ಹೋದವು. ಹಿಂದಿನ ಗಾಲಿಗಳು ಹಲಗೆಯ ನಡುವೆ ಇದ್ದಾಗ ಅವನು ಆಕ್ಸಲರೇಟರ್ ಸ್ವಲ್ಪ ಹೆಚ್ಚು ಕೊಟ್ಟ. ಆ ಕ್ಷಣವೇ ಎಡಗಡೆಯ ಹಲಗೆ ಹಿಂದಕ್ಕೆ ಜಾರಿ ಕೆಳಗೆ ಬಿತ್ತು. ಯಂತ್ರ ವಾಲಿ ಪಿಕಪ್‌ನ ಪಕ್ಕದ ತಗಡಿಗೆ ಒರಗಿ ನಿಂತಿತು, ತಮ್ಮ ಬಲಕ್ಕೆ ಜಿಗಿದ. ಅವನ ಪಾದದ ಕೀಲು ಊದಿಕೊಂಡಿತ್ತು, ಈಗ ಇಳಿದಿದೆ. ಆಮೇಲೆ ಹೋಗಿ ನೋಡಿದರೆ, ಹಲಗೆಯ ತುದಿಯ ಕಬ್ಬಿಣದ ಪಟ್ಟಿ ಪಿಕಪ್‌ನ ಅಂಚಿನ ಬಣ್ಣವನ್ನು ಒಂದೇ ಇಂಚಿನಷ್ಟು ಗೀರಿತ್ತು. ಅಂದರೆ 350 ಕೆ.ಜಿ. ಯಂತ್ರ ಮತ್ತು ನನ್ನ ತಮ್ಮ ಇಬ್ಬರೂ ಆ ಒಂದು ಇಂಚಿನ ಆಸರೆಯ ಮೇಲೆ ಇದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇದರಲ್ಲಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಹಲಗೆ ಎಷ್ಟು ಉದ್ದ ಇರಬೇಕು? ಓಡಿಸಿ ಹತ್ತಿಸುವುದೋ, ಎಳೆದು ಹತ್ತಿಸುವುದೋ? ಬೆಲ್ಟನ್ನು ಎಲ್ಲಿಗೆ ಕಟ್ಟಬೇಕು? ಪಿಕಪ್‌ಗಿಂತ ಟ್ರೈಲರ್ ಒಳ್ಳೆಯದೇ?

ಹುಮನಾಬಾದ್ ಗ್ಯಾರೇಜ್:

ನಿಮ್ಮ ತಮ್ಮ ಉಳಿದದ್ದೇ ದೊಡ್ಡದು. ಈ ರೀತಿ ಯಂತ್ರ ಮಗುಚಿದಾಗ ಬಹಳ ಸಲ ಮನುಷ್ಯ ಅದರ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಎಟಿವಿಯ ಕೆಲಸದಲ್ಲಿ ಹೊಲದ ಓಡಾಟಕ್ಕಿಂತ ಹತ್ತಿಸಿ ಇಳಿಸುವ ಆ ಎರಡು ನಿಮಿಷಗಳಿಗೇ ನಾನು ಹೆಚ್ಚು ಹೆದರುತ್ತೇನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಲಗೆ ಏಕೆ ಜಾರಿತು ಎಂಬುದನ್ನು ಮೊದಲು ತಿಳಿಯಬೇಕು. ಗಾಲಿ ಯಂತ್ರವನ್ನು ಮುಂದಕ್ಕೆ ತಳ್ಳುವಾಗ ತನ್ನ ಅಡಿಯಲ್ಲಿರುವ ಹಲಗೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಮುಂದಿನ ಗಾಲಿಗಳು ಪಿಕಪ್‌ನ ಒಳಗೆ ಹೋಗಿ, ಹಿಂದಿನ ಗಾಲಿಗಳು ಹಲಗೆಯ ಮೇಲೆ ಇರುವ ಘಳಿಗೆಯಲ್ಲಿ ಯಂತ್ರವನ್ನು ಮೇಲಕ್ಕೆ ತಳ್ಳುವ ಭಾರವೆಲ್ಲ ಹೆಚ್ಚಾಗಿ ಆ ಹಲಗೆಗಳ ಮೇಲೆಯೇ ಬೀಳುತ್ತದೆ. ಆಕ್ಸಲರೇಟರ್ ಹೆಚ್ಚು ಕೊಟ್ಟಷ್ಟೂ ಹಲಗೆ ಹಿಂದೆ ಸರಿಯುತ್ತದೆ. ಹೀಗಾಗಿ ಹಲಗೆ ಎಷ್ಟೇ ಗಟ್ಟಿ ಇರಲಿ, ಅದನ್ನು ಪಿಕಪ್‌ಗೆ ಕಟ್ಟದೆ ಗಾಲಿ ಇಡಬಾರದು. ಪ್ರತಿ ರ‍್ಯಾಂಪಿನ (ಇಳಿಜಾರಾಗಿ ಇಡುವ ಲೋಹದ ಹಲಗೆಯ) ಮೇಲ್ತುದಿಗೆ ಒಂದು ಕಡಿ (ಬಳೆ) ಬೆಸುಗೆ ಹಾಕಿಸಿ, ಅದಕ್ಕೆ ಸರಪಳಿ ಸಿಕ್ಕಿಸಿ, ಆ ಸರಪಳಿಯನ್ನು ಪಿಕಪ್‌ನ ಚಾಸಿಗೆ (ಅಡಿಯ ಚೌಕಟ್ಟಿಗೆ) ಬಿಗಿಯಾಗಿ ಕಟ್ಟಿ. ಎರಡು ರ‍್ಯಾಂಪ್‌ಗಳಿಗೂ ಬೇರೆ ಬೇರೆ ಸರಪಳಿ ಇರಲಿ. ರ‍್ಯಾಂಪಿನ ತುದಿ ಪಿಕಪ್‌ನ ನೆಲದ ಮೇಲೆ ಕೂರಬೇಕೇ ಹೊರತು ಕೆಳಗೆ ಇಳಿಬಿಟ್ಟ ಹಿಂದಿನ ಬಾಗಿಲಿನ ಮೇಲೆ ಕೂರಬಾರದು. ಆ ಬಾಗಿಲಿನ ಕೀಲುಗಳು ಇಷ್ಟು ಭಾರ ತಡೆಯುವುದಿಲ್ಲ.

ಎರಡನೆಯದು ಏರು. ಪಿಕಪ್‌ನ ನೆಲ ಭೂಮಿಯಿಂದ 85 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ (ನೀವೇ ಒಮ್ಮೆ ಟೇಪ್ ಹಿಡಿದು ಅಳೆಯಿರಿ). ಆರು ಅಡಿಯ ಹಲಗೆಗೆ ಏರು ಸುಮಾರು 28 ಡಿಗ್ರಿ ಆಗುತ್ತದೆ. ಎಂಟು ಅಡಿಯ ರ‍್ಯಾಂಪ್ ಇಟ್ಟರೆ ಸುಮಾರು 20 ಡಿಗ್ರಿಗೆ ಇಳಿಯುತ್ತದೆ. ಅಷ್ಟರಿಂದಲೇ ತೃಪ್ತಿ ಬೇಡ, ಭೂಮಿಯನ್ನೇ ಕೆಲಸಕ್ಕೆ ಹಚ್ಚಿ. ನಿಮ್ಮ ಹೊಲದ ಒಡ್ಡು ಒಂದು ಅಡಿ ಎತ್ತರ ಇದ್ದರೆ ಪಿಕಪ್‌ನ ಹಿಂಭಾಗವನ್ನು ಅದಕ್ಕೆ ಎದುರಾಗಿ ನಿಲ್ಲಿಸಿ, ರ‍್ಯಾಂಪಿನ ಕೆಳತುದಿಯನ್ನು ಒಡ್ಡಿನ ಮೇಲೆ ಇಡಿ. ಆಗ ಏರು 13 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ದುಬಾರಿ ರ‍್ಯಾಂಪ್‌ಗಿಂತ ಒಂದು ಒಳ್ಳೆಯ ದಿನ್ನೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡೂ ಹೊಲಗಳಲ್ಲಿ ಅಂಥ ಒಂದೊಂದು ಜಾಗವನ್ನು ಈಗಲೇ ಗುರುತಿಸಿಕೊಳ್ಳಿ. ಆದರೆ ಮಳೆಯಾದ ಮೇಲೆ ಎರೆ ಮಣ್ಣಿನಲ್ಲಿ ರ‍್ಯಾಂಪಿನ ಕಾಲು ಹೂತುಕೊಳ್ಳುತ್ತದೆ, ಅದೂ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಅಂಥ ದಿನ ಎರಡೂ ಕಾಲುಗಳ ಅಡಿಗೆ ಅಗಲವಾದ ಫರಸಿ ಕಲ್ಲು ಹಾಕಿ. ಒಡ್ಡು ನೆನೆದು ಮೆತ್ತಗಾಗಿದ್ದರೆ ಆ ದಿನ ಹತ್ತಿಸುವ ಗೋಜಿಗೇ ಹೋಗಬೇಡಿ.

ಓಡಿಸುವುದೋ, ಎಳೆಯುವುದೋ ಎಂದು ಕೇಳಿದ್ದೀರಿ. ಎಳೆಯುವುದೇ ಸರಿ. ಕ್ಯಾಬಿನ್‌ನ ಹಿಂದೆ, ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಅಡ್ಡಪಟ್ಟಿಗೆ ಕೈಯಿಂದ ತಿರುಗಿಸುವ ವಿಂಚ್ (ತಂತಿ ಸುತ್ತಿಕೊಂಡು ಭಾರ ಎಳೆಯುವ ರಾಟೆ) ಹಾಕಿಸಿಕೊಳ್ಳಿ. ಯಂತ್ರದ ಮೇಲೆ ಯಾರೂ ಕೂರದೆ, ನ್ಯೂಟ್ರಲ್‌ನಲ್ಲಿ, ನಿಧಾನವಾಗಿ ಮೇಲೆ ಬರುತ್ತದೆ. ಎಳೆಯುವಾಗ ಯಂತ್ರದ ಹಿಂದೆ ಯಾರೂ ನಿಲ್ಲಬಾರದು, ಬಿಗಿದ ತಂತಿಯ ನೇರದಲ್ಲಿಯೂ ನಿಲ್ಲಬಾರದು. ಅನಿವಾರ್ಯವಾಗಿ ಓಡಿಸಲೇಬೇಕಾದರೆ ಹೆಲ್ಮೆಟ್ ಹಾಕಿಕೊಂಡು, ನಾಲ್ಕೂ ಗಾಲಿಗಳಿಗೆ ಚಾಲನೆ ಕೊಟ್ಟು, ಕೆಳಗಿನ ಗೇರಿನಲ್ಲಿ, ಮೈಯನ್ನು ಮುಂದಕ್ಕೆ ಬಾಗಿಸಿ, ಒಂದೇ ಹದದಲ್ಲಿ ಹತ್ತಿಸಬೇಕು. ನಡುವೆ ನಿಲ್ಲಿಸಿ ಮತ್ತೆ ಜೋರಾಗಿ ಆಕ್ಸಲರೇಟರ್ ಕೊಟ್ಟರೆ ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಇದಕ್ಕೆ ಮುಂಚೆ ಪಿಕಪ್‌ನ ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ.

ಕಟ್ಟುವ ವಿಷಯ. ನೈಲಾನ್ ಹಗ್ಗ ಬೇಡ, ಅದು ಹಿಗ್ಗುತ್ತದೆ. ರ‍್ಯಾಚೆಟ್ (ಬಿಗಿದರೆ ಹಿಂದೆ ಸರಿಯದ ಹಲ್ಲುಗಾಲಿ) ಇರುವ ನಾಲ್ಕು ಬೆಲ್ಟ್ ತನ್ನಿ. ಬ್ರೇಕ್ ಹಾಕಿದಾಗ ಸರಕು ಮುಂದೆ ನುಗ್ಗುವ ಬಲವನ್ನು ಅದರ ತೂಕದ 0.8 ಪಾಲು ಎಂದೂ, ಪಕ್ಕಕ್ಕೆ ಹಾಗೂ ಹಿಂದಕ್ಕೆ ಅರ್ಧ ಪಾಲು ಎಂದೂ ಲೆಕ್ಕ ಹಿಡಿಯುವುದು ವಾಡಿಕೆ. ನಿಮ್ಮ 350 ಕೆ.ಜಿ.ಗೆ ಅದು ಮುಂದಕ್ಕೆ 280 ಕೆ.ಜಿ., ಪಕ್ಕಕ್ಕೆ 175 ಕೆ.ಜಿ. ಆಗುತ್ತದೆ. ಬೆಲ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಹೆಚ್ಚಾಗಿ ಅದು ಹರಿಯುವ ಭಾರ. ಅದರ ಮೂರನೇ ಒಂದು ಪಾಲನ್ನು ಮಾತ್ರ ನಂಬಿ. ಬೆಲ್ಟ್ ಓರೆಯಾಗಿ ಎಳೆಯುವುದರಿಂದ ಅದರ ಬಲವೆಲ್ಲ ಒಂದೇ ದಿಕ್ಕಿಗೆ ಸಿಗುವುದಿಲ್ಲ, 45 ಡಿಗ್ರಿ ಓರೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಮಾತ್ರ ಉಳಿಯುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ದೊಡ್ಡ ಬೆಲ್ಟನ್ನೇ ತೆಗೆದುಕೊಳ್ಳಿ. ಹ್ಯಾಂಡಲ್‌ಗಾಗಲಿ, ಸಾಮಾನು ಇಡುವ ಕ್ಯಾರಿಯರ್‌ಗಾಗಲಿ ಎಂದೂ ಕಟ್ಟಬೇಡಿ. ಮುಂದೆ ಎರಡು, ಹಿಂದೆ ಎರಡು ಬೆಲ್ಟ್‌ಗಳನ್ನು ಯಂತ್ರದ ಚೌಕಟ್ಟಿಗೆ ಸಿಕ್ಕಿಸಿ, ಸಸ್ಪೆನ್ಷನ್ (ಗಾಲಿಗಳ ಮೇಲಿನ ಸ್ಪ್ರಿಂಗ್) ಪೂರ್ತಿ ಕುಗ್ಗುವ ತನಕ ಎಳೆಯಿರಿ.

ಸೇಡಂ ಲೋಡಿಂಗ್:

ಗ್ಯಾರೇಜ್ ಅಣ್ಣನವರ ಮಾತೆಲ್ಲ ಒಪ್ಪುತ್ತೇನೆ, ಕೊನೆಯ ಸಾಲೊಂದನ್ನು ಬಿಟ್ಟು. ನಾನು ಹಲವು ವರ್ಷಗಳಿಂದ ಶಹಾಬಾದ್ ಕಲ್ಲು ಸಾಗಿಸುವ ಗಾಡಿಗಳ ಮೇಲೆ ಕೆಲಸ ಮಾಡಿದವನು. ಸಸ್ಪೆನ್ಷನ್ ಪೂರ್ತಿ ಕುಗ್ಗಿಸಿ ಕಟ್ಟಿದರೆ ಹಂಪ್ ಬಂದಾಗ ಹೊಡೆತವೆಲ್ಲ ಬೆಲ್ಟು ಮತ್ತು ಕೊಂಡಿಗಳ ಮೇಲೆ ಬೀಳುತ್ತದೆ, ಸ್ಪ್ರಿಂಗ್ ಮತ್ತು ಸೀಲುಗಳೂ ಕೆಡುತ್ತವೆ. ಏನೂ ಕುಗ್ಗಿಸದಿದ್ದರೆ ಯಂತ್ರ ಕುಣಿದು, ಬೆಲ್ಟ್ ಸಡಿಲಗೊಂಡ ಒಂದು ಕ್ಷಣದಲ್ಲಿ ಕೊಂಡಿ ಕಳಚುತ್ತದೆ. ಚೌಕಟ್ಟಿಗೆ ಕಟ್ಟುವುದಾದರೆ ಮೂರನೇ ಒಂದು ಭಾಗದಷ್ಟು ಕುಗ್ಗಿದರೆ ಸಾಕು. ಇನ್ನೂ ಒಳ್ಳೆಯದೆಂದರೆ ಗಾಲಿಯ ಹತ್ತಿರದ ಕೆಳಗಿನ ತೋಳುಗಳಿಗೇ (ಗಾಲಿಯನ್ನು ಚೌಕಟ್ಟಿಗೆ ಜೋಡಿಸುವ ಸರಳುಗಳಿಗೇ) ಬೆಲ್ಟ್ ಹಾಕುವುದು, ಆಗ ಯಂತ್ರದ ಮೈ ಕುಣಿದರೂ ಬೆಲ್ಟ್ ಸಡಿಲವಾಗುವುದಿಲ್ಲ. ಆದರೆ ಬ್ರೇಕ್ ಪೈಪು ಅಲ್ಲಿಯೇ ಹಾದುಹೋಗಿರುತ್ತದೆ, ಬೆಲ್ಟಿನ ಅಡಿಗೆ ಅದು ಸಿಗದಂತೆ ಬೆರಳಿನಿಂದ ಮುಟ್ಟಿ ನೋಡಿ.

ಪಿಕಪ್‌ನ ಪಕ್ಕದ ಹೊರ ತಗಡಿನ ಕೆಳಗೆ ಇರುವ ಸಣ್ಣ ಕೊಕ್ಕೆಗಳು ತಾಡಪತ್ರಿಯ ಹಗ್ಗ ಕಟ್ಟಲು ಮಾತ್ರ ತಕ್ಕವು. ನೆಲದ ಮೂಲೆಗಳಲ್ಲಿ ನಾಲ್ಕು ಗಟ್ಟಿ ಕಡಿಗಳನ್ನು ಅಡಿಯಲ್ಲಿ ದಪ್ಪ ಪಟ್ಟಿ ಕೊಟ್ಟು ಚಾಸಿಯ ಅಡ್ಡಪಟ್ಟಿಗೆ ಬೋಲ್ಟ್ ಮಾಡಿಸಿ. ಬೆಲ್ಟ್ ತಗಡಿನ ಚೂಪಾದ ಅಂಚಿಗೆ ತಾಗುವಲ್ಲಿ ಹಳೆಯ ಟ್ಯೂಬಿನ ತುಂಡು ಇಡಿ. ನಮ್ಮ ಕಡೆಯ ಬೇಸಿಗೆ ಬಿಸಿಲು ಬೆಲ್ಟನ್ನು ಹಾಳುಮಾಡುತ್ತದೆ, ಬಣ್ಣ ಮಾಸಿ ನೂಲು ಗಡುಸಾದ ಬೆಲ್ಟನ್ನು ಎಸೆದುಬಿಡಿ.

ಇನ್ನೊಂದು ಮಾತು. ಯಂತ್ರ ಹಿಡಿದುಕೊಳ್ಳಲಿ ಎಂದು ಆಳನ್ನು ಹಿಂದೆ ಕೂರಿಸಿಕೊಂಡು ಹೋಗುವ ರೂಢಿ ನಮ್ಮ ಕಡೆ ಇದೆ. ಬ್ರೇಕ್ ಹಾಕಿದಾಗ 280 ಕೆ.ಜಿ. ಬಲದಿಂದ ನುಗ್ಗುವುದನ್ನು ಯಾವ ಮನುಷ್ಯನೂ ಹಿಡಿಯಲಾರ. ಕಲ್ಲಿನ ಗಾಡಿಯಲ್ಲಿ ಹಾಗೆ ಕುಳಿತವನೊಬ್ಬನ ಕಾಲು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಯಾರನ್ನೂ ಕೂರಿಸಬೇಡಿ.

ಬೀದರ್ ನಿವೃತ್ತ ಚಾಲಕ:

ಟ್ರೈಲರ್ ಬಗ್ಗೆ ಕೇಳಿದ್ದರಿಂದ ಅಷ್ಟಕ್ಕೆ ಮಾತ್ರ ಉತ್ತರಿಸುತ್ತೇನೆ. ಟ್ರೈಲರ್ ನೆಲಕ್ಕೆ ಹತ್ತಿರ ಇರುವುದರಿಂದ ಹತ್ತಿಸುವುದು ಸುಲಭ, ಎಳೆಯುವುದು ಕಷ್ಟ. ಎರಡು ಗಾಲಿಯ ಟ್ರೈಲರ್ ಆದರೆ ಯಂತ್ರವನ್ನು ಹತ್ತಿಸುವ ಮುನ್ನ ಅದನ್ನು ಎಳೆಯುವ ವಾಹನಕ್ಕೆ ಜೋಡಿಸಿರಲೇಬೇಕು. ಇಲ್ಲದಿದ್ದರೆ ಎಟಿವಿಯ ಭಾರ ಹಿಂತುದಿಗೆ ಬಿದ್ದ ಕೂಡಲೇ ಟ್ರೈಲರಿನ ಮೂತಿ ಮೇಲಕ್ಕೆ ಎದ್ದು ಬಡಿಯುತ್ತದೆ. ಭಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಅಚ್ಚಿನ ಮುಂದೆ ಇರಬೇಕು, ಕೊಂಡಿಯ ಮೇಲೆ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕೂರಬೇಕು. ಭಾರ ಹಿಂದಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಹಾವಿನಂತೆ ಓಲಾಡತೊಡಗುತ್ತದೆ. ಆಗ ಗಾಬರಿಯಿಂದ ಬ್ರೇಕ್ ಒತ್ತಬಾರದು, ಆಕ್ಸಲರೇಟರ್‌ನಿಂದ ಕಾಲು ತೆಗೆದು ಸ್ಟೇರಿಂಗ್ ನೇರ ಹಿಡಿಯಬೇಕು. ಕೊಂಡಿಯ ಕೆಳಗೆ ಎರಡು ಸುರಕ್ಷತಾ ಸರಪಳಿಗಳನ್ನು ಅಡ್ಡ ಹಾಯಿಸಿ ಕಟ್ಟಬೇಕು. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು.

ಕಬ್ಬಿನ ಕಾಲದಲ್ಲಿ ಹಿಂದೀಪ ಇಲ್ಲದ ಟ್ರ್ಯಾಲಿಗಳು ಕತ್ತಲಲ್ಲಿ ರಸ್ತೆಯ ಮೇಲೆ ಹೇಗಿರುತ್ತವೆ ಎಂಬುದು ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಗೊತ್ತು. ದೀಪದ ತಂತಿ ಜೋಡಿಸದೆ, ಕೆಂಪು ಪ್ರತಿಫಲಕ ಪಟ್ಟಿ ಅಂಟಿಸದೆ ಹೊರಡಬೇಡಿ. ನಿಮ್ಮ ಬಳಿ ಪಿಕಪ್ ಇದೆ, ತೂಕ 350 ಕೆ.ಜಿ. ಮಾತ್ರ. ನಿಮಗೆ ಟ್ರೈಲರಿನ ಅಗತ್ಯವಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೆ ಹಿಂದಿನ ಬಾಗಿಲು ಮುಚ್ಚುವಷ್ಟು ಉದ್ದ ಇದೆಯೇ ನೋಡಿಕೊಳ್ಳಿ. ಸರಕು ವಾಹನದ ಮೈಯಿಂದ ಹೊರಗೆ ಚಾಚಿದ್ದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194(1ಎ) ಕಲಂ 20,000 ರೂಪಾಯಿ ದಂಡ ಹೇಳುತ್ತದೆ.

ಕಮಲಾಪುರದ ರೈತ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಹದಿನೈದು ದಿನಗಳಲ್ಲಿ ಮಾಡಿದ್ದನ್ನು ತಿಳಿಸುತ್ತೇನೆ. ಮರದ ಹಲಗೆಗಳನ್ನು ಬಿಟ್ಟು ಎಂಟು ಅಡಿಯ ಎರಡು ಕಬ್ಬಿಣದ ರ‍್ಯಾಂಪ್ ಮಾಡಿಸಿದೆ, ಗಾಲಿ ಜಾರದಂತೆ ಮೇಲೆ ಅಡ್ಡಡ್ಡ ಸರಳು ಬೆಸೆಸಿದೆ. ಪಿಕಪ್‌ನ ನೆಲ ಅಳೆದಾಗ 82 ಸೆಂ.ಮೀ. ಬಂತು. ಬಾಳೆ ತೋಟದ ಗೇಟಿನ ಪಕ್ಕದ ಒಡ್ಡಿಗೆ ಪಿಕಪ್ ಹಚ್ಚಿ, ಸರಪಳಿ ಬಿಗಿದು, ಕೈ ವಿಂಚಿನಿಂದ ಎಳೆದೆವು. ತಮ್ಮನೇ ಹಿಡಿಕೆ ತಿರುಗಿಸಿದ. ರ‍್ಯಾಂಪ್ ಒಂದು ಬೆರಳಿನಷ್ಟೂ ಅಲುಗಲಿಲ್ಲ.

ಬೆಲ್ಟುಗಳನ್ನು ಸೇಡಂ ಅಣ್ಣನವರು ಹೇಳಿದಂತೆ ಕೆಳಗಿನ ತೋಳುಗಳಿಗೆ ಹಾಕಿದೆ. ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸಿ ನೋಡಿದಾಗ ಎಡ ಹಿಂದಿನ ಬೆಲ್ಟ್ ರ‍್ಯಾಚೆಟ್‌ನ ಎರಡು ಹಲ್ಲಿನಷ್ಟು ಸಡಿಲವಾಗಿತ್ತು, ಬಿಗಿದೆ. ಮುಂದೆ ಚಿಂಚೋಳಿಯ ಹೊಲ ಮುಟ್ಟುವ ತನಕ ಮತ್ತೆ ಸಡಿಲವಾಗಲಿಲ್ಲ. ಇಳಿಸುವಾಗ ಮಾತ್ರ ಅಲ್ಲಿ ಒಡ್ಡು ಸಿಗಲಿಲ್ಲ, ಸಮ ನೆಲದಲ್ಲೇ ಇಳಿಸಿದೆವು, ಸ್ವಲ್ಪ ಭಯವಾಯಿತು. ಇಳಿಸುವುದಕ್ಕೆ ಬೇರೆ ಕ್ರಮ ಇದೆಯೇ?

ಹುಮನಾಬಾದ್ ಗ್ಯಾರೇಜ್:

ಬಹಳ ಸಂತೋಷವಾಯಿತು. ತೋಳಿಗೆ ಕಟ್ಟುವ ವಿಷಯದಲ್ಲಿ ಸೇಡಂನವರ ಮಾತೇ ಸರಿ, ನಾನೂ ಇನ್ನು ಹಾಗೆಯೇ ಕಟ್ಟುತ್ತೇನೆ.

ಇಳಿಸುವಾಗಲೂ ವಿಂಚ್ ಬಿಡಬೇಡಿ. ಮೊದಲು ಪಿಕಪ್ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಡಿ, ರ‍್ಯಾಂಪ್ ಇಟ್ಟು ಸರಪಳಿ ಬಿಗಿಯಿರಿ, ಆಮೇಲೆ ವಿಂಚಿನ ತಂತಿಯನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆದು ಬಿಗಿ ಮಾಡಿ. ಅಷ್ಟಾದ ಮೇಲೆಯೇ ಬೆಲ್ಟುಗಳನ್ನು ಬಿಚ್ಚಿ, ಹಿಂದಿನವನ್ನು ಮೊದಲು, ಮುಂದಿನವನ್ನು ಕೊನೆಗೆ. ಯಂತ್ರವನ್ನು ನ್ಯೂಟ್ರಲ್‌ಗೆ ತರುವುದು ಎಲ್ಲದರ ಕೊನೆಗೆ. ನಂತರ ವಿಂಚನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹಿಮ್ಮುಖವಾಗಿ ಇಳಿಸಿ. ಒಡ್ಡು ಇಲ್ಲದ ಹೊಲದಲ್ಲಿ ಪಿಕಪ್‌ನ ಹಿಂದಿನ ಗಾಲಿಗಳು ಇಳಿಯುವಂತೆ ಮುಕ್ಕಾಲು ಅಡಿ ಆಳದ, ಇಳಿಜಾರಾದ ಎರಡು ಗುಂಡಿ ತೋಡಿಕೊಂಡರೂ ನಡೆಯುತ್ತದೆ. ಒಣಗಿದ ಎರೆ ಮಣ್ಣಿನಲ್ಲಿ ಅದು ಅರ್ಧ ತಾಸಿನ ಕೆಲಸ, ಒಮ್ಮೆ ತೋಡಿ ಅಡಿಗೆ ಕಲ್ಲು ಹಾಸಿದರೆ ಮುಂದಿನ ಮಳೆಗಾಲದ ತನಕ ಬರುತ್ತದೆ.